ಗುಜರಿಯ ಬಾಗಿಲಿನಿಂದ ಹರಾಜಿನ ಕಟ್ಟೆಗೆ: ಒಂದು ಇಟಾಲಿಯನ್ ಕಾರಿನ ಜಾತಕ

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ಮೊದಮೊದಲು ಕಲಿಸುವ ಪಾಠಗಳಲ್ಲಿ ಸವಕಳಿಯೂ ಒಂದು. ಯಂತ್ರವೆಂಬುದು ಕೊಂಡ ದಿನದಿಂದಲೇ ಬೆಲೆಯನ್ನು ಕಳೆದುಕೊಳ್ಳತೊಡಗುತ್ತದೆ; ವರ್ಷ ವರ್ಷವೂ ಅದರ ಪುಸ್ತಕ ಬೆಲೆಯನ್ನು ಇಷ್ಟಿಷ್ಟೆಂದು ತಗ್ಗಿಸುತ್ತ ಹೋಗಿ, ಕೊನೆಗೊಂದು ದಿನ ಗುಜರಿಯ ಬೆಲೆಯನ್ನಷ್ಟೇ ಉಳಿಸಿ ಖಾತೆಯನ್ನು ಮುಚ್ಚಬೇಕು ಎಂಬುದು ಆ ಪಾಠದ ಸಾರಾಂಶ. ಮೋಟಾರು ವಾಹನದ ಮಟ್ಟಿಗಂತೂ ಈ ನಿಯಮ ಬಲು ಕಠೋರ. ಪೈಪೋಟಿಯ ಪಂದ್ಯಗಳಲ್ಲಿ ಓಡಿ, ಬಡಿದು, ನುಜ್ಜಾಗಿ, ಮತ್ತೆ ತಟ್ಟಿ ನೆಟ್ಟಗೆ ಮಾಡಿಸಿಕೊಂಡ ವಾಹನವಾದರೆ ಕೇಳುವುದೇ ಬೇಡ. ಅದಕ್ಕೆ ಸಾಲ ಕೊಡುವ ಬ್ಯಾಂಕು ಭೂಮಿಯ ಮೇಲೆ ಇರಲಾರದು.

ಆದರೆ ಲೋಕದಲ್ಲಿ ಪ್ರತಿ ನಿಯಮಕ್ಕೂ ಒಂದು ಅಪವಾದ ಇದ್ದೇ ಇರುತ್ತದೆ. 1962ರಲ್ಲಿ ಇಟಲಿಯಲ್ಲಿ ತಯಾರಾಗಿ, ಒಂದು ತಿಂಗಳು ತುಂಬುವ ಮೊದಲೇ ಒಬ್ಬ ಮಹಾ ಕ್ರೀಡಾಪಟುವಿನ ಪ್ರಾಣವನ್ನು ತೆಗೆದುಕೊಂಡು, ಮೂರು ವರ್ಷಗಳಲ್ಲಿ ಯಾರಿಗೂ ಬೇಡವಾಗಿ ಗುಜರಿಯ ಬಾಗಿಲಿಗೆ ಬಂದು ನಿಂತಿದ್ದ ಒಂದು ಕಾರು, 2014ರಲ್ಲಿ ಅಮೆರಿಕದ ಹರಾಜಿನಲ್ಲಿ 3 ಕೋಟಿ 81 ಲಕ್ಷ 15 ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 230 ಕೋಟಿ ರೂಪಾಯಿ. ಆ ಕಾರಿನ ಹೆಸರು ಫೆರಾರಿ 250 ಜಿಟಿಒ. ಅದರ ಚೌಕಟ್ಟಿನ ಮೇಲೆ ಒತ್ತಿದ ಸಂಖ್ಯೆ 3851 ಜಿಟಿ. ಮನುಷ್ಯನಿಗೆ ಜಾತಕವಿರುವಂತೆ ಈ ಕಾರಿಗೂ ಒಂದು ಜಾತಕವಿದೆ. ಅದನ್ನು ಮನೆಯಿಂದ ಮನೆಗೆ ಓದುತ್ತ ಹೋದರೆ, ಬೆಲೆಯೆಂದರೇನು, ಮೌಲ್ಯವೆಂದರೇನು ಎಂಬ ಹಳೆಯ ಪ್ರಶ್ನೆಗಳು ಹೊಸ ವೇಷದಲ್ಲಿ ಎದುರಾಗುತ್ತವೆ.

ಹೆಸರಿನೊಳಗಿನ ಲೆಕ್ಕ

ಮೊದಲು ಹೆಸರಿನ ಅರ್ಥವನ್ನು ಬಿಡಿಸಿಕೊಳ್ಳುವುದು ಒಳಿತು. ಈ ಕಾರಿನ ಎಂಜಿನಿನಲ್ಲಿ 12 ಸಿಲಿಂಡರುಗಳು. ಒಂದೊಂದರ ಗಾತ್ರ ಸುಮಾರು 250 ಘನ ಸೆಂಟಿಮೀಟರು. ಒಟ್ಟು ಸುಮಾರು 3 ಲೀಟರು. '250' ಎಂಬ ಅಂಕೆ ಬಂದುದು ಇಲ್ಲಿಂದ. 'ಜಿಟಿ' ಎಂದರೆ 'ಗ್ರಾನ್ ತುರಿಸ್ಮೊ', ಅಂದರೆ ದೂರ ಪ್ರಯಾಣಕ್ಕೆ ಒಪ್ಪುವ ವೇಗದ ಕಾರು. ಕೊನೆಯ 'ಒ' ಎಂಬುದು 'ಒಮೊಲೊಗಾತೊ' ಎಂಬ ಇಟಾಲಿಯನ್ ಪದದ ಮೊದಲಕ್ಷರ. ಪಂದ್ಯಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸಂಸ್ಥೆಯ ಅನುಮೋದನೆ ಪಡೆದದ್ದು ಎಂದು ಅದರ ಅರ್ಥ.

ಆ ಅನುಮೋದನೆಯಲ್ಲಿಯೇ ಒಂದು ಚಮತ್ಕಾರವಿತ್ತು. ಜಿಟಿ ವರ್ಗದಲ್ಲಿ ಸ್ಪರ್ಧಿಸಬೇಕಾದರೆ ಒಂದು ಮಾದರಿಯ ಕನಿಷ್ಠ 100 ಕಾರುಗಳು ತಯಾರಾಗಿರಬೇಕೆಂಬುದು ನಿಯಮ. ಫೆರಾರಿ ಕಂಪನಿಯವರು 1962 ಮತ್ತು 1964ರ ನಡುವೆ ತಯಾರಿಸಿದ 3 ಲೀಟರಿನ ಜಿಟಿಒ ಕಾರುಗಳು 36 ಮಾತ್ರ. 'ಇದು ಹೊಸ ಕಾರೇ ಅಲ್ಲ, ಹಳೆಯ 250 ಜಿಟಿ ಕಾರಿನದೇ ಸುಧಾರಿಸಿದ ರೂಪ' ಎಂದು ಅವರು ವಾದಿಸಿದರು. ವಾದಕ್ಕೆ ಒಪ್ಪಿಗೆಯೂ ದೊರೆಯಿತು. ಕಾನೂನಿನ ಅಕ್ಷರವನ್ನು ಪಾಲಿಸಿ ಅದರ ಆಶಯವನ್ನು ದಾಟುವ ಜಾಣ್ಮೆ ಆದಾಯ ತೆರಿಗೆಯ ಲೋಕಕ್ಕೆ ಮಾತ್ರ ಮೀಸಲಲ್ಲ ಎಂಬುದಕ್ಕೆ ಇದೊಂದು ನಿದರ್ಶನ. ಇಂದು ಈ ಕಾರಿನ ಬೆಲೆ ಮುಗಿಲು ಮುಟ್ಟಿರುವುದಕ್ಕೆ ಅಂದು 100ರ ಬದಲು 36 ಮಾತ್ರ ತಯಾರಾದುದೂ ಒಂದು ಮುಖ್ಯ ಕಾರಣವೆಂಬುದನ್ನು ಮರೆಯುವಂತಿಲ್ಲ.

ಒಡೆದ ಮನೆಯಲ್ಲಿ ಹುಟ್ಟಿದ ಕೂಸು

ಉತ್ತರ ಇಟಲಿಯ ಮೊಡೆನಾ ನಗರದ ಬಳಿ ಮಾರನೆಲ್ಲೊ ಎಂಬ ಊರಿದೆ. ಅಲ್ಲಿ ಎನ್‌ಜೊ ಫೆರಾರಿಯವರು (1898–1988) ತಮ್ಮ ಕಾರ್ಖಾನೆಯನ್ನು ನಡೆಸುತ್ತಿದ್ದರು. ಪಂದ್ಯ ಗೆಲ್ಲುವುದೇ ಅವರಿಗೆ ಗುರಿ. ಕಾರು ಮಾರುವುದು ಪಂದ್ಯದ ಖರ್ಚನ್ನು ತೂಗಿಸುವುದಕ್ಕಾಗಿ. 1961ರಲ್ಲಿ ಅವರ ಎಂಜಿನಿಯರು ಜೊತ್ತೊ ಬಿಜ್ಜಾರಿನಿಯವರು ಹೊಸ ಕಾರಿನ ಕೆಲಸವನ್ನು ಕೈಗೆತ್ತಿಕೊಂಡರು. ಹಳೆಯ ಕಾರಿನ ಮೂತಿ ಮೊಂಡಾಗಿದ್ದು, ಅತಿವೇಗದಲ್ಲಿ ಗಾಳಿಯ ಒತ್ತಡಕ್ಕೆ ಸಿಲುಕುತ್ತಿತ್ತು. ಬಿಜ್ಜಾರಿನಿಯವರು ಎಂಜಿನನ್ನು ಹಿಂದಕ್ಕೂ ಕೆಳಕ್ಕೂ ಸರಿಸಿ, ಮೂತಿಯನ್ನು ತಗ್ಗಿಸಿ, ಪೀಸಾ ವಿಶ್ವವಿದ್ಯಾಲಯದ ಗಾಳಿಸುರಂಗದಲ್ಲಿ ಆಕಾರವನ್ನು ಪರೀಕ್ಷಿಸಿದರು.

ಕೆಲಸ ಮುಗಿಯುವ ಮೊದಲೇ ಮನೆಯಲ್ಲಿ ಒಡಕು ಮೂಡಿತು. ಆಡಳಿತದಲ್ಲಿ ಯಜಮಾನರ ಪತ್ನಿಯ ಹಸ್ತಕ್ಷೇಪವೂ ಸೇರಿದಂತೆ ಹಲವು ಅಸಮಾಧಾನಗಳು ಒಟ್ಟುಗೂಡಿ, 1961ರ ಕೊನೆಗೆ ಬಿಜ್ಜಾರಿನಿ, ಕಾರ್ಲೊ ಕೀತಿ ಮೊದಲಾದ ಹಿರಿಯರೆಲ್ಲ ಒಟ್ಟಿಗೆ ಕಾರ್ಖಾನೆಯಿಂದ ಹೊರನಡೆದರು. ಆಗ ಎನ್‌ಜೊ ಫೆರಾರಿಯವರು ಮಾವುರೊ ಫೋರ್ಗಿಯೇರಿ ಎಂಬ 26 ವರ್ಷದ ತರುಣನನ್ನು ಕರೆದು ಇಡೀ ವಿಭಾಗವನ್ನು ಅವನ ಹೆಗಲಿಗೆ ಹೊರಿಸಿದರು. ಅನುಭವಸ್ಥರು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಆ ತರುಣ ಪೂರೈಸಿದ. ಮೈಕಟ್ಟನ್ನು ಮೊಡೆನಾದ ಸೆರ್ಜಿಯೊ ಸ್ಕಾಲ್ಯೆತ್ತಿಯವರ ಕಮ್ಮಟದಲ್ಲಿ ಅಲ್ಯೂಮಿನಿಯಂ ತಗಡಿನಿಂದ ಕೈಯಲ್ಲಿಯೇ ತಟ್ಟಿ ರೂಪಿಸಿದರು. ಆದುದರಿಂದ ಒಂದು ಜಿಟಿಒ ಇನ್ನೊಂದರ ಪಡಿಯಚ್ಚಲ್ಲ. ಒಂದೇ ತಾಯಿಯ ಮಕ್ಕಳಂತೆ ಹೋಲಿಕೆಯುಂಟು, ವ್ಯತ್ಯಾಸವೂ ಉಂಟು.

1962ರ ಫೆಬ್ರವರಿ 24ರಂದು ಪತ್ರಕರ್ತರ ಮುಂದೆ ಕಾರನ್ನು ತಂದು ನಿಲ್ಲಿಸಲಾಯಿತು. ಎಂಜಿನಿನ ಶಕ್ತಿ ಸುಮಾರು 300 ಅಶ್ವಶಕ್ತಿ, ಇಂಧನ ಊಡುವುದಕ್ಕೆ ಆರು ವೇಬರ್ ಕಾರ್ಬುರೇಟರುಗಳು, ಐದು ಗೇರುಗಳು. ಒಳಗೆ ಅಲಂಕಾರವೆಂಬುದೇ ಇಲ್ಲ. ಅನಗತ್ಯ ಭಾರವೆಂದು ವೇಗಸೂಚಕ ಗಡಿಯಾರವನ್ನೂ ಕೂಡಿಸಿರಲಿಲ್ಲ. ಇಷ್ಟೊಂದು ವೇಗದ ಕಾರಿನಲ್ಲಿ ವೇಗ ತೋರಿಸುವ ಸಾಧನವೇ ಇಲ್ಲವೆಂಬುದು ಸೋಜಿಗವೆನಿಸಬಹುದು. ಆದರೆ ಪಂದ್ಯದ ಚಾಲಕನಿಗೆ ಬೇಕಾದುದು ಎಂಜಿನಿನ ಸುತ್ತುಗಳ ಲೆಕ್ಕ. ತನ್ನ ಮುಂದೆ ಯಾರಿದ್ದಾರೆ ಎಂಬುದೇ ಅವನ ವೇಗದ ಅಳತೆ.

ಹಣವೊಂದಿದ್ದರೆ ಈ ಕಾರು ದೊರೆಯುತ್ತಿರಲಿಲ್ಲ. ಅಮೆರಿಕದಲ್ಲಿ ಇದರ ಬೆಲೆ ಸುಮಾರು 18,000 ಡಾಲರು. ಆದರೆ ಕೊಳ್ಳುವವನನ್ನು ಸ್ವತಃ ಎನ್‌ಜೊ ಫೆರಾರಿಯವರೂ, ಅಮೆರಿಕದ ಮಟ್ಟಿಗೆ ಅವರ ಪ್ರತಿನಿಧಿ ಲುಯಿಜಿ ಕಿನೆಟ್ಟಿಯವರೂ ಒಪ್ಪಬೇಕಾಗಿತ್ತು. ಮಗಳಿಗೆ ವರ ನೋಡುವಷ್ಟೇ ಎಚ್ಚರಿಕೆಯಿಂದ ಗಿರಾಕಿಯನ್ನು ನೋಡುತ್ತಿದ್ದರು ಎಂದರೂ ಸಲ್ಲುತ್ತದೆ. ಈ ಮಾದರಿಯ ಕಾರು 1962ರ ಮಾರ್ಚಿನಲ್ಲಿ ಅಮೆರಿಕದ ಸೀಬ್ರಿಂಗಿನ 12 ಗಂಟೆಗಳ ಪಂದ್ಯದಲ್ಲಿ ಮೊದಲ ಬಾರಿಗೆ ಓಡಿ ಒಟ್ಟಾರೆ ಎರಡನೆಯ ಸ್ಥಾನವನ್ನೂ, ಜಿಟಿ ವರ್ಗದಲ್ಲಿ ಮೊದಲನೆಯ ಸ್ಥಾನವನ್ನೂ ಪಡೆಯಿತು. 1962, 1963, 1964, ಈ ಮೂರು ವರ್ಷಗಳಲ್ಲೂ ತನ್ನ ವರ್ಗದ ಜಗತ್ಪ್ರಶಸ್ತಿಯನ್ನು ಫೆರಾರಿಗೆ ಗೆದ್ದುಕೊಟ್ಟಿತು.

ಹಿಮದ ವೀರ

3851 ಜಿಟಿ ಕಾರ್ಖಾನೆಯಿಂದ ಹೊರಬಂದದ್ದು 1962ರ ಸೆಪ್ಟೆಂಬರಿನಲ್ಲಿ. ಕೊಂಡವರು ಫ್ರಾನ್ಸಿನ ಹೆಸರಾಂತ ಪಂದ್ಯ ಚಾಲಕ ಜೊ ಶ್ಲೆಸೆರ್. ಕಾರು ಕೈಸೇರಿದೊಡನೆಯೇ ಅವರು 'ಟೂರ್ ದ ಫ್ರಾನ್ಸ್' ಮೋಟಾರು ಪಂದ್ಯಕ್ಕೆ ಹೊರಟರು. ಇದು ಒಂದು ದಿನದ, ಒಂದು ಮೈದಾನದ ಪಂದ್ಯವಲ್ಲ. ದಿನಗಟ್ಟಲೆ ಸಾರ್ವಜನಿಕ ರಸ್ತೆಗಳಲ್ಲಿ ಸಾವಿರಾರು ಕಿಲೋಮೀಟರು ಸಾಗುತ್ತ, ನಡುನಡುವೆ ಪಂದ್ಯದ ಅಂಗಣಗಳಲ್ಲಿಯೂ ಬೆಟ್ಟದ ಏರುದಾರಿಗಳಲ್ಲಿಯೂ ಗಡಿಯಾರಕ್ಕೆ ಎದುರಾಗಿ ಓಡಬೇಕು. ಯಂತ್ರದಷ್ಟೇ ಮನುಷ್ಯನ ದೇಹಧಾರ್ಢ್ಯವನ್ನೂ ಪರೀಕ್ಷಿಸುವ ಪ್ರಯಾಣವದು. ಶ್ಲೆಸೆರ್ ಜತೆಯಲ್ಲಿ ಸಹಚಾಲಕರಾಗಿ ಕುಳಿತವರು ಹೆನ್ರಿ ಒರೆಯೇ.

ಒರೆಯೇ ಅವರ ಪರಿಚಯವನ್ನು ಸ್ವಲ್ಪ ವಿಸ್ತಾರವಾಗಿಯೇ ಮಾಡಿಕೊಳ್ಳಬೇಕು. 1925ರಲ್ಲಿ ಹುಟ್ಟಿದ ಇವರು ಆಲ್ಪ್ಸ್ ಪರ್ವತದ ವಾಲ್ ದಿಸೇರ್ ಎಂಬ ಊರಿನಲ್ಲಿ ಹಿಮದ ಮೇಲೆ ಜಾರುತ್ತ ಬೆಳೆದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇನ್ನೂ ಹರೆಯದಲ್ಲಿಯೇ, ಜರ್ಮನರ ವಿರುದ್ಧ ಹೋರಾಡಿದ ಫ್ರೆಂಚ್ ಪ್ರತಿರೋಧ ಪಡೆಯನ್ನು ಸೇರಿದ್ದರು. ಯುದ್ಧ ಮುಗಿದ ಮೇಲೆ, 1948ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸಿನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಅದೇ ವರ್ಷದ ಬೇಸಿಗೆಯಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಹಾಕಿಯ ಚಿನ್ನವನ್ನು ಗೆದ್ದುದನ್ನು ಹಿರಿಯ ಓದುಗರು ನೆನೆಯಬಹುದು. ಸೇಂಟ್ ಮೊರಿಟ್ಸಿನಲ್ಲಿ ಒರೆಯೇ ಎರಡು ಚಿನ್ನ, ಒಂದು ಕಂಚು ಗೆದ್ದರು. ಕಡಿದಾದ ಇಳಿಜಾರಿನ ಓಟದಲ್ಲಿ ಎರಡನೆಯವನನ್ನು 4.1 ಸೆಕೆಂಡುಗಳಷ್ಟು ಹಿಂದೆ ಹಾಕಿದ್ದರು. ಸೆಕೆಂಡಿನ ತುಣುಕುಗಳಲ್ಲಿ ಸೋಲು ಗೆಲವು ನಿರ್ಧಾರವಾಗುವ ಆಟದಲ್ಲಿ ಇದು ಅಸಾಧಾರಣ ಅಂತರವೆಂಬಲ್ಲಿ ಸಂದೇಹವಿಲ್ಲ.

ಹಿಮದ ಪಂದ್ಯಗಳಿಂದ ನಿವೃತ್ತರಾದರೂ ವೇಗದ ಮೋಹ ಅವರನ್ನು ಬಿಡಲಿಲ್ಲ. ಮರದ ಹಲಗೆಯ ಮೇಲಿದ್ದ ಕಾಲನ್ನು ಮೋಟಾರಿನ ಪೆಡಲಿನ ಮೇಲಿಟ್ಟರು. 1962ರ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಶ್ಲೆಸೆರ್ ಮತ್ತು ಒರೆಯೇ ಜೋಡಿಗೆ ಎರಡನೆಯ ಸ್ಥಾನ ದೊರೆಯಿತು. ಇವರಿಗಿಂತ ಮುಂದೆ ಗುರಿಮುಟ್ಟಿದುದು ಕೂಡ ಒಂದು ಫೆರಾರಿಯೇ, ಜಿಟಿಒಗಿಂತ ಹಿಂದಿನ ಮಾದರಿಯದು. ಹೊಚ್ಚ ಹೊಸ ಕಾರಿಗೆ, ಅದರ ಮೊದಲ ಪಂದ್ಯದಲ್ಲಿಯೇ ಇಂತಹ ಫಲ ದೊರೆತದ್ದು ಸಂಭ್ರಮದ ಸಂಗತಿ.

ಸಂಭ್ರಮ ಕೆಲವು ದಿನಗಳದು ಮಾತ್ರ. ಪ್ಯಾರಿಸಿನ ದಕ್ಷಿಣಕ್ಕೆ ಮೋಂತ್ಲೇರಿ ಎಂಬಲ್ಲಿ 1924ರಲ್ಲಿ ಕಟ್ಟಿದ ಪಂದ್ಯದ ಅಂಗಣವಿದೆ. ಅದರ ತಿರುವುಗಳಲ್ಲಿ ಕಾಂಕ್ರೀಟಿನ ದಾರಿ ಬಾಣಲೆಯ ಅಂಚಿನಂತೆ ಮೇಲಕ್ಕೆದ್ದು ನಿಂತಿದೆ. 1962ರ ಅಕ್ಟೋಬರ್ 7ರಂದು ಅಲ್ಲಿ ನಡೆದ ಪಂದ್ಯದಲ್ಲಿ 3851 ಜಿಟಿಯನ್ನು ಒರೆಯೇ ಓಡಿಸುತ್ತಿದ್ದರು. ಕಾರು ಹತೋಟಿ ತಪ್ಪಿ ದಾರಿಯ ಬದಿಯ ಕಟ್ಟಡಕ್ಕೆ ಬಡಿಯಿತು. ಒರೆಯೇ ಉಳಿಯಲಿಲ್ಲ. ಆಗ ಅವರಿಗೆ 36 ವರ್ಷ.

ಯುದ್ಧದ ಗುಂಡಿಗೂ ಹಿಮದ ಕಣಿವೆಗೂ ಸಿಗದ ಜೀವ ಒಂದು ಗೋಡೆಯ ಬುಡದಲ್ಲಿ ಮುಗಿಯಿತು. ಇಂದಿಗೂ ವಾಲ್ ದಿಸೇರಿನ ಪ್ರಸಿದ್ಧ ಹಿಮದಿಳಿಜಾರೊಂದಕ್ಕೆ ಒರೆಯೇ ಹೆಸರನ್ನೂ, ಅದೇ ಊರಿನ ಮತ್ತೊಬ್ಬ ಒಲಿಂಪಿಕ್ ವೀರ ಜಾನ್ ಕ್ಲೋದ್ ಕಿಲಿಯವರ ಹೆಸರನ್ನೂ ಜೋಡಿಸಿ ಕರೆಯುತ್ತಾರೆ.

ಕಾರಿನ ಒಡೆಯ ಶ್ಲೆಸೆರ್ ಅವರ ಕಥೆಯೂ ಸುಖಾಂತವಾಗಲಿಲ್ಲ. 1968ರ ಜುಲೈ 7ರಂದು ರುವಾನ್ ನಗರದಲ್ಲಿ ನಡೆದ ಫ್ರೆಂಚ್ ಗ್ರಾಂ ಪ್ರಿ ಪಂದ್ಯದಲ್ಲಿ, ಮಳೆಯಲ್ಲಿ ನೆನೆದ ದಾರಿಯ ಮೇಲೆ ಅವರ ಹೋಂಡಾ ಕಾರು ಜಾರಿ ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. ಅದರ ಮೈಕಟ್ಟಿನಲ್ಲಿ ಮ್ಯಾಗ್ನೀಸಿಯಂ ಬಳಸಿದ್ದುದರಿಂದ ಬೆಂಕಿಯನ್ನು ಆರಿಸುವುದು ಸಾಧ್ಯವಾಗಲಿಲ್ಲ. ಹಿಂದೆ ಜಗಜ್ಜೇತನಾಗಿದ್ದ ಜಾನ್ ಸರ್ಟೀಸ್, ಅದೇ ಕಾರು ಪಂದ್ಯಕ್ಕೆ ಸಿದ್ಧವಾಗಿಲ್ಲವೆಂದು ಅದನ್ನು ಓಡಿಸಲು ನಿರಾಕರಿಸಿದ್ದ. ಶ್ಲೆಸೆರ್ ಅವರ ಮಿತ್ರ ಗೀ ಲಿಜ್ಯೇ ಮುಂದೆ ತಾನು ತಯಾರಿಸಿದ ಕಾರುಗಳಿಗೆಲ್ಲ ಗೆಳೆಯನ ಹೆಸರಿನ ಮೊದಲಕ್ಷರಗಳಾದ 'ಜೆಎಸ್' ಎಂಬುದನ್ನೇ ಇಟ್ಟ.

ಕೈಯಿಂದ ಕೈಗೆ

ಅಪಘಾತದಲ್ಲಿ ಜಖಂಗೊಂಡ 3851 ಜಿಟಿ ಇಟಲಿಗೆ ಮರಳಿತು. ಅಲ್ಲಿ ರಿಪೇರಿಯಾಗಿ 1963ರಲ್ಲಿ ಪಾವೊಲೊ ಕೊಲೊಂಬೊ ಎಂಬ ಇಟಾಲಿಯನ್ ಸ್ಪರ್ಧಿಯ ಪಾಲಾಯಿತು. ಆತ ಅದನ್ನು ಬೆಟ್ಟ ಹತ್ತುವ ಪಂದ್ಯಗಳಿಗೆ ಬಳಸಿದ. ಅಂಕುಡೊಂಕಾದ ಘಾಟಿರಸ್ತೆಯಲ್ಲಿ ಒಂದೊಂದೇ ಕಾರು ಕೆಳಗಿನಿಂದ ಮೇಲಕ್ಕೆ ಓಡಬೇಕು. ಯಾರ ವೇಳೆ ಕಡಮೆಯೋ ಅವರೇ ವಿಜಯಿ.

1964ರಲ್ಲಿ ಕಾರು ಎರ್ನೆಸ್ಟೊ ಪ್ರಿನೋಟ್ ಎಂಬವರಿಗೆ ಹೋಯಿತು. ಇವರು ಇಟಲಿಯ ಆಲ್ಪ್ಸ್ ಸೀಮೆಯ ಒರ್ತಿಸೇಯಿ ಎಂಬ ಊರಿನವರು. ಇಲ್ಲಿ ವಿಧಿಯ ಒಂದು ವಿಚಿತ್ರ ಹೆಣಿಗೆಯನ್ನು ಕಾಣಬಹುದು. ಹಿಮದ ಇಳಿಜಾರುಗಳನ್ನು ಸವರಿ ಸಮತಟ್ಟು ಮಾಡುವ ಯಂತ್ರಗಳ ತಯಾರಿಕೆಗೆ ಹೆಸರಾದ ಪ್ರಿನೋಟ್ ಕಂಪನಿಯನ್ನು ಸ್ಥಾಪಿಸಿದವರು ಇವರೇ. ಹಿಮದ ಇಳಿಜಾರಿನಲ್ಲಿ ಮೆರೆದ ವೀರ ಸತ್ತ ಕಾರನ್ನು, ಹಿಮದ ಇಳಿಜಾರುಗಳನ್ನು ಹದಗೊಳಿಸುವ ಯಂತ್ರಗಳಿಗೆ ಹೆಸರಾದವರು ಓಡಿಸಿದರು. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ.

ಇಷ್ಟರಲ್ಲಿ ಜಿಟಿಒ ಕಾರುಗಳ ಕಾಲ ಮುಗಿಯುತ್ತ ಬಂದಿತ್ತು. ಎಂಜಿನನ್ನು ಚಾಲಕನ ಬೆನ್ನ ಹಿಂದೆ ಇಟ್ಟ ಹೊಸ ಬಗೆಯ ಕಾರುಗಳು ಬಂದವು. ಪಂದ್ಯದ ಲೋಕದಲ್ಲಿ ನಿನ್ನೆಯ ಕಾರು ನಿನ್ನೆಯ ವೃತ್ತಪತ್ರಿಕೆಗಿಂತ ಹಳೆಯದು. ಜನರ ಹಿಡಿತಕ್ಕೆ ಅತಿವೇಗವಾಗಿ, ಪಂದ್ಯಕ್ಕೆ ನಿಧಾನವಾಗಿ, ಎರಡೂ ಲೋಕಕ್ಕೆ ಬೇಡವಾದ ವಸ್ತುವಾಯಿತು.

ಈ ಮಾದರಿಯ ಇನ್ನೊಂದು ಕಾರಿನ ಗತಿಯನ್ನು ನೋಡಿದರೆ ಸ್ಥಿತಿ ಮನದಟ್ಟಾದೀತು. ಒಂದು ಜಿಟಿಒವನ್ನು ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಪ್ರೌಢಶಾಲೆಯೊಂದಕ್ಕೆ, ಮಕ್ಕಳು ಮೋಟಾರು ದುರಸ್ತಿ ಕಲಿಯಲೆಂದು ದಾನವಾಗಿ ಕೊಡಲಾಗಿತ್ತು. 1972ರಲ್ಲಿ ಶಾಲೆಯವರು ಅದನ್ನು 6,500 ಡಾಲರಿಗೆ ಮಾರಿದರು. ಕೊಂಡಾತ ಅದನ್ನು ವರ್ಷಗಟ್ಟಲೆ ಬಯಲಿನಲ್ಲಿ ಬಿಸಿಲು ಮಳೆಗೆ ಬಿಟ್ಟಿದ್ದ. ಇಂದು ಅರಮನೆಯ ಬೆಲೆ ಬಾಳುವ ವಸ್ತು ಅಂದು ಹುಲ್ಲಿನ ನಡುವೆ ತುಕ್ಕು ಹಿಡಿಯುತ್ತಿತ್ತು.

ರಾತ್ರಿಯ ಸವಾರ

1965ರಲ್ಲಿ 3851 ಜಿಟಿ ಗುಜರಿ ಸೇರುವ ಹಂತಕ್ಕೆ ಬಂದಿತ್ತು. ಆಗ ಅದನ್ನು ಕೊಂಡವರು ಫಾಬ್ರಿತ್ಸಿಯೊ ವಿಯೊಲಾತಿ. ಕೊಟ್ಟ ಹಣ ಸುಮಾರು 25 ಲಕ್ಷ ಲೀರಾ. ಲೀರಾ ಎಂದೊಡನೆ ಅಂಕೆ ದೊಡ್ಡದಾಗಿ ಕಾಣುತ್ತದೆ. ಅಂದಿನ ದರದಂತೆ ಡಾಲರಿಗೆ 625 ಲೀರಾ ಎಂದು ಲೆಕ್ಕ ಹಾಕಿದರೆ ಇದು 4,000 ಡಾಲರು ಮಾತ್ರ. ಆಗ ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದುದರಿಂದ ಭಾರತದ ಹಣದಲ್ಲಿ ಸುಮಾರು 19,000 ರೂಪಾಯಿ. ಅಮೆರಿಕದ ಮೂಲ ಬೆಲೆಯಾದ 18,000 ಡಾಲರಿಗೆ ಹೋಲಿಸಿದರೆ ಮೂರು ವರ್ಷಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೆಲೆ ಕರಗಿಹೋಗಿತ್ತು. ಸವಕಳಿಯ ಪಾಠ ಅಲ್ಲಿಯವರೆಗೆ ಅಕ್ಷರಶಃ ನಿಜವಾಗಿತ್ತು.

ವಿಯೊಲಾತಿಯವರು ರೋಮ್ ನಗರದವರು, 1935ರಲ್ಲಿ ಹುಟ್ಟಿದವರು, ಖನಿಜಜಲವನ್ನು ಬಾಟಲಿಯಲ್ಲಿ ತುಂಬಿ ಮಾರುವ ಉದ್ಯಮದ ಸಿರಿವಂತ ಮನೆತನದವರು. ಮೋಟಾರು ಪಂದ್ಯದ ಹುಚ್ಚು ಎಳೆಯ ವಯಸ್ಸಿನದು. ಮನೆಯವರಿಗೆ ಅದು ಒಪ್ಪಿಗೆಯಿರಲಿಲ್ಲ. ಆದುದರಿಂದ ಈ ಕಾರನ್ನು ಹಗಲು ಬಚ್ಚಿಟ್ಟು, ಊರು ಮಲಗಿದ ಮೇಲೆ ರೋಮಿನ ಬೀದಿಗಳಲ್ಲಿ ಓಡಿಸುತ್ತಿದ್ದರೆಂಬ ಕಥೆ ಪ್ರಚಾರದಲ್ಲಿದೆ. 12 ಸಿಲಿಂಡರುಗಳ ಎಂಜಿನಿನ ಸದ್ದು ಎಷ್ಟು ದಿನ ಗುಟ್ಟಾಗಿ ಉಳಿದೀತು ಎಂದು ಓದುಗರು ನಗಬಹುದು. ಆದರೆ ಆ ಕಥೆಯಲ್ಲಿ ಕಾಣುವ ಮನುಷ್ಯ ಹೂಡಿಕೆದಾರನಲ್ಲ, ಪ್ರೇಮಿ ಎಂಬುದು ಗಮನಾರ್ಹ. ಲಾಭದ ಆಸೆಯಿಂದ ಕೊಂಡವನು ಕಾರನ್ನು ಬಚ್ಚಿಟ್ಟು ಓಡಿಸುವುದಿಲ್ಲ. ಬೆಲೆಪಟ್ಟಿ ಹಚ್ಚಿ ಬೀದಿಯಲ್ಲಿ ನಿಲ್ಲಿಸುತ್ತಾನೆ.

ಮುಂದೆ ವಿಯೊಲಾತಿಯವರು ಹಳೆಯ ಕಾರುಗಳಿಗೆಂದೇ ಏರ್ಪಡುವ ಪಂದ್ಯಗಳಲ್ಲಿ ಇದೇ ಕಾರನ್ನು ಓಡಿಸಿದರು. 1981ರಲ್ಲಿ ಮತ್ತೊಂದು ಫೆರಾರಿಯಲ್ಲಿ ಲೆ ಮಾನ್ ಪಟ್ಟಣದ 24 ಗಂಟೆಗಳ ಪಂದ್ಯದಲ್ಲಿಯೂ ಭಾಗವಹಿಸಿದರು. ಒಂದೊಂದಾಗಿ ಇತರ ಫೆರಾರಿಗಳನ್ನೂ ಕೂಡಿಹಾಕಿ, ಪುಟ್ಟ ಗಣರಾಜ್ಯವಾದ ಸಾನ್ ಮರಿನೊದಲ್ಲಿ 'ಮಾರನೆಲ್ಲೊ ರೊಸ್ಸೊ' ಎಂಬ ಹೆಸರಿನ ಸಂಗ್ರಹಾಲಯವನ್ನೇ ತೆರೆದರು. ಆ ಸಂಗ್ರಹದ ಕಿರೀಟವೆಂದರೆ 3851 ಜಿಟಿ.

ಈ ನಡುವೆ ಪೇಟೆಯಲ್ಲಿ ಏನೆಲ್ಲ ನಡೆಯಿತು! 1980ರ ದಶಕದ ಕೊನೆಗೆ ಜಪಾನಿನ ಹಣ ಹೊಳೆಯಾಗಿ ಹರಿದಾಗ ಜಿಟಿಒ ಒಂದಕ್ಕೆ ಕೋಟಿ ಡಾಲರಿಗೂ ಮೇಲಿನ ಬೆಲೆ ಬಂದಿತು. ಆ ಗುಳ್ಳೆ ಒಡೆದು 1990ರ ದಶಕದ ಮೊದಲಲ್ಲಿ ಅದೇ ಬೆಲೆ ಪಾತಾಳಕ್ಕೆ ಇಳಿಯಿತು. ಏರಿದಾಗ ಕೊಂಡವರು ತಲೆಯ ಮೇಲೆ ಕೈಹೊತ್ತು ಕುಳಿತರು. ವಿಯೊಲಾತಿಯವರು ಏರಿದಾಗಲೂ ಮಾರಲಿಲ್ಲ, ಇಳಿದಾಗಲೂ ಮಾರಲಿಲ್ಲ. 2010ರಲ್ಲಿ ಅವರು ತೀರಿಕೊಳ್ಳುವವರೆಗೆ, ಒಟ್ಟು 45 ವರ್ಷ, ಕಾರು ಅವರ ಒಡೆತನದಲ್ಲಿಯೇ ಉಳಿಯಿತು.

ಹರಾಜಿನ ದಿನ

ಅವರ ಮರಣಾನಂತರ ಸಂಗ್ರಹ ಮಾರಾಟಕ್ಕೆ ಬಂದಿತು. 2014ರ ಆಗಸ್ಟ್ 14ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬಲ್ಲಿ ಬಾನಮ್ಸ್ ಸಂಸ್ಥೆ 3851 ಜಿಟಿಯನ್ನು ಹರಾಜಿಗಿಟ್ಟಿತು. 26 ವರ್ಷಗಳ ಹಿಂದೆ, ಅದೇ ಆಗಸ್ಟ್ 14ರಂದು ಎನ್‌ಜೊ ಫೆರಾರಿಯವರು ಕಾಲವಾಗಿದ್ದರು. ಸುತ್ತಿಗೆ ಬಿದ್ದದ್ದು 3 ಕೋಟಿ 46 ಲಕ್ಷ 50 ಸಾವಿರ ಡಾಲರಿಗೆ. ಹರಾಜುದಾರರ ಶೇಕಡಾ 10ರ ಶುಲ್ಕ ಸೇರಿ 3 ಕೋಟಿ 81 ಲಕ್ಷ 15 ಸಾವಿರ. ಅಲ್ಲಿಯವರೆಗೆ ಜಗತ್ತಿನ ಯಾವ ಕಾರೂ ಹರಾಜಿನಲ್ಲಿ ಅಷ್ಟು ಬೆಲೆಗೆ ಹೋಗಿರಲಿಲ್ಲ.

ಆ ದಾಖಲೆ ಶಾಶ್ವತವಾಗಿ ಉಳಿಯಲಿಲ್ಲ. 2018ರಲ್ಲಿ ಇನ್ನೊಂದು ಜಿಟಿಒ 4 ಕೋಟಿ 84 ಲಕ್ಷ ಡಾಲರಿಗೂ, 2023ರಲ್ಲಿ ಮತ್ತೊಂದು 5 ಕೋಟಿ 17 ಲಕ್ಷ ಡಾಲರಿಗೂ ಹರಾಜಾದವು. 2022ರಲ್ಲಿ 1955ರ ಕಾಲದ ಮರ್ಸಿಡಿಸ್ ಕಾರೊಂದು 13 ಕೋಟಿ 50 ಲಕ್ಷ ಯೂರೊಗಳಿಗೆ ಮಾರಾಟವಾಗಿ ಎಲ್ಲವನ್ನೂ ಹಿಂದೆ ಹಾಕಿತು. 2019ರಲ್ಲಿ ಇಟಲಿಯ ಬೊಲೊನ್ಯ ನಗರದ ನ್ಯಾಯಾಲಯವು 250 ಜಿಟಿಒ ಒಂದು ಕಲಾಕೃತಿಯೆಂದು ಮಾನ್ಯಮಾಡಿ, ಅದರ ನಕಲುಗಳ ತಯಾರಿಕೆಗೆ ತಡೆಯೊಡ್ಡಿತು. ಕಮ್ಮಾರನ ಸುತ್ತಿಗೆಯಿಂದ ಹುಟ್ಟಿದ ವಸ್ತು ಹೀಗೆ ಶಿಲ್ಪ, ಚಿತ್ರಗಳ ಪಂಕ್ತಿಗೆ ಸೇರಿತು.

ಚಕ್ರಬಡ್ಡಿಯ ಮಾಯೆ

ಈಗ ಲೆಕ್ಕದ ಪುಸ್ತಕವನ್ನು ತೆರೆಯೋಣ. 1965ರ 4,000 ಡಾಲರು 49 ವರ್ಷಗಳಲ್ಲಿ 3 ಕೋಟಿ 81 ಲಕ್ಷವಾಯಿತೆಂದರೆ ವರ್ಷಕ್ಕೆ ಶೇಕಡಾ 20ಕ್ಕೂ ತುಸು ಮಿಗಿಲಾದ ಚಕ್ರಬಡ್ಡಿಯಾಯಿತು. ಮೂರು ಮುಕ್ಕಾಲು ವರ್ಷಕ್ಕೊಮ್ಮೆ ಹಣ ಇಮ್ಮಡಿಯಾದಂತೆ. 'ಒಂಬತ್ತು ಸಾವಿರ ಪಟ್ಟು' ಎಂದರೆ ಪವಾಡವೆನಿಸುವುದು, 'ಶೇಕಡಾ 20' ಎಂದಾಗ ಅಷ್ಟು ಬೆರಗು ಹುಟ್ಟಿಸುವುದಿಲ್ಲ. ಕಾಲವೆಂಬ ಪಾಲುದಾರ ಎಷ್ಟು ದುಡಿಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೆ ಈ ಲೆಕ್ಕವನ್ನು ನಂಬಿ ಹಳೆಯ ಕಾರು ಕೊಳ್ಳಲು ಹೊರಡುವವರು ಮೂರು ಮಾತುಗಳನ್ನು ಮರೆಯಬಾರದು. ಮೊದಲನೆಯದಾಗಿ, 49 ವರ್ಷಗಳ ರಿಪೇರಿ, ವಿಮೆ, ಬಾಡಿಗೆ, ಮೆಕ್ಯಾನಿಕ್ಕುಗಳ ಸಂಬಳ ಮೊದಲಾದ ಖರ್ಚುಗಳು ಈ ಲೆಕ್ಕದಲ್ಲಿ ಸೇರಿಲ್ಲ. ಎರಡನೆಯದಾಗಿ, ಅದೇ ಕಾಲದಲ್ಲಿ ತಯಾರಾದ ಲಕ್ಷಾಂತರ ಇತರ ಕಾರುಗಳು ಕರಗಿ ಕಬ್ಬಿಣವಾಗಿವೆ. ಅವುಗಳ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಲಾಟರಿ ಗೆದ್ದವನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ಸೋತವರದು ಬರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಈ ಲಾಭವನ್ನು ವಿಯೊಲಾತಿಯವರು ಉಣ್ಣಲೇ ಇಲ್ಲ. ಮಾರಬೇಕೆಂದು ಅವರು ಕೊಂಡಿದ್ದರೆ, ಬೆಲೆ ಹತ್ತು ಪಟ್ಟಾದಾಗಲೇ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಎಲ್ಲ ಬುದ್ಧಿವಂತರೂ ಹಾಗೆಯೇ ಮಾಡುತ್ತಾರೆ. ಮಾರುವ ಮನಸ್ಸಿಲ್ಲದವನ ಬಳಿ ಇದ್ದುದರಿಂದಲೇ ಅದು ಅಷ್ಟು ಬೆಲೆಗೆ ಬಂದಿತು. ಅರ್ಥಶಾಸ್ತ್ರದ ಯಾವ ಸೂತ್ರಕ್ಕೂ ಇದು ಸುಲಭವಾಗಿ ಅಡಗುವ ಸಂಗತಿಯಲ್ಲ.

ಖಾತೆಗೆ ಸೇರದ ಸಾಲು

ಹಳೆಯ ಕಾರಿನ ಬೆಲೆಯನ್ನು ನಿರ್ಧರಿಸುವುದು ಅದರ ಚರಿತ್ರೆ. ಯಾರು ಕೊಂಡರು, ಯಾರು ಓಡಿಸಿದರು, ಎಲ್ಲಿ ಗೆದ್ದಿತು, ಎಲ್ಲಿ ಬಡಿಯಿತು ಎಂಬ ವಿವರಗಳೆಲ್ಲ ಆಸ್ತಿಯ ಹಕ್ಕುಪತ್ರದಂತೆ ಸರಪಳಿಯಾಗಿ ಸಿಗಬೇಕು. ಒಂದು ಕೊಂಡಿ ತಪ್ಪಿದರೂ ಬೆಲೆ ಕುಸಿಯುತ್ತದೆ. ಮನೆ ಕೊಳ್ಳಲು ಸಾಲ ಕೇಳಿದವರು ಹಿಂದಿನ ಒಡೆಯರ ಪತ್ರಗಳಿಗಾಗಿ ಅಲೆದುದನ್ನು ನೆನೆದರೆ ಈ ಮಾತು ಅರ್ಥವಾದೀತು. 3851 ಜಿಟಿಯ ಚರಿತ್ರೆಯಲ್ಲಿ 1962ರ ಅಕ್ಟೋಬರ್ 7 ಕೂಡ ಒಂದು ಕೊಂಡಿಯಾಗಿದೆ. ಒಬ್ಬ ಮನುಷ್ಯನ ಮರಣ, ವಸ್ತುವಿನ ವಿವರಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಹೋಯಿತು. ಕಾರನ್ನು ಮತ್ತೆ ತಟ್ಟಿ ನೆಟ್ಟಗೆ ಮಾಡಬಹುದಾಗಿತ್ತು, ಮಾಡಿದರು. ಮನುಷ್ಯನನ್ನು ಹಾಗೆ ಮಾಡುವ ಕಮ್ಮಟ ಎಲ್ಲಿಯೂ ಇಲ್ಲ.

ವೇಗ ಎರಡರಷ್ಟಾದರೆ ಬಡಿತದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ ಎಂಬುದು ಪ್ರೌಢಶಾಲೆಯ ಭೌತಶಾಸ್ತ್ರ. ಮನುಷ್ಯನ ಮೂಳೆ, ಮಿದುಳು, ಯಕೃತ್ತುಗಳು ಅಂತಹ ಬಡಿತಕ್ಕಾಗಿ ಆದವಲ್ಲ. 1960ರ ದಶಕದ ಅನೇಕ ಪಂದ್ಯಗಳಲ್ಲಿ ಸೊಂಟಪಟ್ಟಿ ಕಟ್ಟಿಕೊಳ್ಳುವ ರೂಢಿಯೇ ವಿರಳವಾಗಿತ್ತು. ಗ್ರಾಂ ಪ್ರಿ ಪಂದ್ಯಗಳಲ್ಲಿ ಅದು ಕಡ್ಡಾಯವಾದದ್ದು 1972ರಲ್ಲಿ. ಒರೆಯೇ, ಶ್ಲೆಸೆರ್ ಅವರಂತಹ ಅನೇಕರ ಸಾವು ಪಾಠವಾಗಿ, ಬೆಂಕಿ ತಾಳುವ ಉಡುಪು, ಒಡೆಯದ ಇಂಧನಚೀಲ, ದಾರಿಯ ಬದಿಯ ತಡೆಗೋಡೆಗಳು ಒಂದೊಂದಾಗಿ ಬಂದವು. ಇಂದು ಮಹಾನಗರದ ಹೆದ್ದಾರಿಯಲ್ಲಿ ಸಾಮಾನ್ಯ ಕಾರು ಏರಿದವರು ಕೂಡ ಪಟ್ಟಿ ಬಿಗಿದುಕೊಳ್ಳುವಾಗ, ಆ ಪಟ್ಟಿಯ ಹಿಂದೆ ಎಷ್ಟು ಜೀವಗಳ ಲೆಕ್ಕವಿದೆ ಎಂಬುದನ್ನು ಒಂದು ಕ್ಷಣ ನೆನೆಯುವುದು ಉಚಿತ. ಈ ಸಂಚಿಕೆಯ ಆರೋಗ್ಯ ಲೇಖನಗಳು ಹೇಳುವ ಪಥ್ಯ, ವ್ಯಾಯಾಮಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬಹುದು.

ಊರು ಬಿಟ್ಟು ಬಂದು, ಎರಡು ಕೋಣೆಗಳ ಮನೆಯಲ್ಲಿ ಸಂಸಾರ ಹೂಡಿದವರಿಗೆ ಹಳೆಯ ವಸ್ತುಗಳ ಕಷ್ಟ ಚೆನ್ನಾಗಿ ಗೊತ್ತು. ಅಜ್ಜನ ಗೋಡೆಗಡಿಯಾರ, ಅಜ್ಜಿಯ ಹಿತ್ತಾಳೆಯ ಕೊಡ, ತಂದೆಯ ರೇಡಿಯೊ, ಯಾವುದಕ್ಕೂ ಜಾಗವಿಲ್ಲ, ಬಿಸಾಡಲು ಮನಸ್ಸಿಲ್ಲ. ಅವುಗಳಿಗೆ ಯಾವ ಹರಾಜಿನಲ್ಲಿಯೂ ಕೋಟಿ ಬರಲಾರದು. ಆದರೆ 1965ರಲ್ಲಿ ಬೆಲೆ ಕಳೆದುಕೊಂಡ ಕಾರೊಂದನ್ನು ಮನೆಗೆ ತಂದು, ಇರುಳಿನಲ್ಲಿ ಓಡಿಸಿ, 45 ವರ್ಷ ಕಾಪಾಡಿದ ಆ ರೋಮನ್ ಗೃಹಸ್ಥನ ಕೈಯಲ್ಲಿದ್ದುದು ಕೂಡ ಅಂದಿಗೆ ಅಂತಹದೇ ಒಂದು ವಸ್ತು. ಬೆಲೆಯನ್ನು ಪೇಟೆ ಕಟ್ಟುತ್ತದೆ, ಮತ್ತೆ ಇಳಿಸುತ್ತದೆ. ಒರಸಿ, ಎಣ್ಣೆ ಹಚ್ಚಿ, ಮುಂದಿನವರ ಕೈಗೆ ಒಪ್ಪಿಸುವವರೆಗೆ ಜೋಪಾನ ಮಾಡುವ ಕೆಲಸ ಮಾತ್ರ ಮನೆಯವರದು.